ಮೈವಾಸನೆಯನ್ನು ಬಟ್ಟೆ ಮುಚ್ಚಬಲ್ಲುದೆ?

ಕಮಲಾಪುರದ ಬಳಿಯ ಮಹಾನವಮಿ ದಿಬ್ಬದ ಶಿಲಾಪಟ್ಟಿಕೆಗಳಲ್ಲಿ ಬೇಟೆಯ ದೃಶ್ಯಗಳಿವೆ. ಬಿಲ್ಲುಗಾರನು ಮೃಗಕ್ಕೆ ಬಹು ಸಮೀಪ ಹೋಗಬೇಕು. ಮೃಗದ ಮೂಗಾದರೋ ಅವನ ಕಣ್ಣಿಗಿಂತ ಚುರುಕು. ಆದುದರಿಂದ ಗಾಳಿಗೆದುರಾಗಿ ನಡೆಯುವುದು ಬೇಟೆಗಾರನ ಮೊದಲ ಪಾಠವಾಗಿತ್ತು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿದೆ. ಅಮೆರಿಕದಲ್ಲಿ ಬಿಲ್ಲುಬೇಟೆ ಇಂದಿಗೂ ಉಂಟು; ಮೈವಾಸನೆಯನ್ನು ಅಡಗಿಸುವುದೆಂದು ಹೇಳಲಾಗುವ ಉಡುಪುಗಳೂ ಅಲ್ಲಿ ಮಾರಾಟವಾಗುತ್ತವೆ. ಈ ಮಾತಿನಲ್ಲಿ ಎಷ್ಟು ಹುರುಳಿದೆ?

ವಾಸನೆಯೆಂದರೆ ಗಾಳಿಯಲ್ಲಿ ಬೆರೆತ ಅಣುಗಳು. ನಿಶ್ಚಲವಾದ ಗಾಳಿಯಲ್ಲಿ ಅವು ವಿಸರಣದಿಂದ ಮಾತ್ರ ಹರಡಬೇಕಾದರೆ, ಒಂದು ಮೀಟರು ದೂರ ಸಾಗಲು ಸುಮಾರು 14 ಗಂಟೆಗಳು ಬೇಕು. ಸೆಕೆಂಡಿಗೆ ಒಂದು ಮೀಟರು ವೇಗದ ಮಂದಮಾರುತವಾದರೋ ಅವನ್ನು 100 ಸೆಕೆಂಡುಗಳಲ್ಲಿ 100 ಮೀಟರು ಒಯ್ಯುತ್ತದೆ. ಎಂದಮೇಲೆ ವಾಸನೆಯ ನಿಜವಾದ ವಾಹನ ಗಾಳಿಯೇ ಎಂಬುದು ಸ್ಪಷ್ಟ.

ಆ ಉಡುಪುಗಳಲ್ಲಿ ಹಲವುಗಳ ಒಳಪದರದಲ್ಲಿ ಕ್ರಿಯಾಶೀಲ ಇದ್ದಲನ್ನು ಅಳವಡಿಸಿರುತ್ತಾರೆ. ಇದರ ಒಂದು ಗ್ರಾಮಿನಲ್ಲಿರುವ ಸೂಕ್ಷ್ಮರಂಧ್ರಗಳ ಮೇಲ್ಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1000 ಚದರ ಮೀಟರುಗಳಾದೀತು! ವಾಸನೆಯ ಅಣುಗಳು ಈ ಮೇಲ್ಮೈಗೆ ಅಂಟಿಕೊಳ್ಳುವುದು ನಿಜ. ಆದರೆ ಅದು ತುಂಬಿದ ಮೇಲೆ ಪೂರ್ಣವಾಗಿ ಬರಿದುಮಾಡಲು ನೂರಾರು ಡಿಗ್ರಿಗಳ ಶಾಖ ಬೇಕು. ಬಟ್ಟೆ ಒಣಗಿಸುವ ಯಂತ್ರದ ಶಾಖ ಅದಕ್ಕೆ ಸಾಲದು. ಅಲ್ಲದೆ, ಬಟ್ಟೆ ಮುಚ್ಚದ ಮುಖವಿದೆ, ಉಸಿರಿದೆ. ಮೈಶಾಖದಿಂದ ಬಿಸಿಯಾದ ಗಾಳಿ ಕೊರಳಪಟ್ಟಿಯ ಸಂದಿನಿಂದ ಸದಾ ಮೇಲೇರುತ್ತಿರುತ್ತದೆ. 2002ರಲ್ಲಿ ಅಮೆರಿಕದ ಜಾನ್ ಶಿವಿಕ್ ಪ್ರಕಟಿಸಿದ ಪ್ರಯೋಗದಲ್ಲಿ, ಇಂತಹ ಉಡುಪು ತೊಟ್ಟು ಅಡಗಿದವರನ್ನೂ ಶೋಧಕ ನಾಯಿಗಳು ಪತ್ತೆಹಚ್ಚಿದವು. ಹುಡುಕಾಟದ ಮೇಲೆ ಉಡುಪಿಗಿಂತ ಹವೆಯ ಪ್ರಭಾವವೇ ಹೆಚ್ಚಾಗಿತ್ತು. ಉಡುಪು ವಾಸನೆಯನ್ನು ತುಸು ತಗ್ಗಿಸಬಹುದು, ಇಲ್ಲವಾಗಿಸಲಾರದು.

ಇದರಿಂದ ನಮಗೇನು ಎಂದು ವಾಚಕರು ಕೇಳಬಹುದು. ಕಮಲಾಪುರಕ್ಕೆ ಅನತಿದೂರದಲ್ಲಿ 1994ರಲ್ಲಿ ಸ್ಥಾಪಿತವಾದ ದರೋಜಿ ಕರಡಿಧಾಮವಿದೆ. ಅಲ್ಲಿ ಬಂಡೆಗಳಿಗೆ ಬೆಲ್ಲದ ಪಾಕ ಸವರಿದರೆ, ಮಧ್ಯಾಹ್ನ ಇಳಿಯುವ ಹೊತ್ತಿಗೆ ಕರಡಿಗಳು ಗವಿಗಳಿಂದ ಹೊರಬರುತ್ತವೆ. ಕರಡಿಯ ದೃಷ್ಟಿ ಮಂದ, ಘ್ರಾಣಶಕ್ತಿಯಾದರೋ ಪ್ರಬಲ; ನೆಲದೊಳಗಿನ ಗೆದ್ದಲನ್ನೂ ಅದು ಮೂಸಿಯೇ ಅರಿಯುತ್ತದೆ. ಸೌದೆಗೋ ಕುರಿ ಮೇಯಿಸಲೋ ಹೋದವರ ಮೇಲೆ ಕರಡಿ ಎರಗುವುದು, ಬಹುಮಟ್ಟಿಗೆ, ಅವರು ಅರಿಯದೆ ಅದರ ತೀರ ಸಮೀಪಕ್ಕೆ ಹೋದಾಗ. ಬೇಟೆಗಾರನಿಗೆ ಶತ್ರುವಾದ ಮೈವಾಸನೆ ಇವರಿಗೆ ಮಿತ್ರ: ಮನುಷ್ಯ ಬರುತ್ತಿದ್ದಾನೆಂಬ ಸುದ್ದಿಯನ್ನು ಅದು ಮೊದಲೇ ಮುಟ್ಟಿಸುತ್ತದೆ, ಕರಡಿಗೆ ದೂರ ಸರಿಯಲು ಅವಕಾಶ ಕೊಡುತ್ತದೆ.

ಗಾಳಿ ಬೆನ್ನಿನಿಂದ ಬೀಸುತ್ತಿದ್ದರೆ ಈ ಸುದ್ದಿ ನಮಗಿಂತ ಮುಂದೆ ಹೋಗುತ್ತದೆ. ಮುಖಕ್ಕೆ ಬೀಸುತ್ತಿದ್ದರೆ ಹಿಂದೆ ಉಳಿಯುತ್ತದೆ, ಅಪಾಯವಿರುವುದು ಆಗಲೇ. ಬಂಡೆಗಳ ಸಂದಿಯಲ್ಲಿ ಗಾಳಿ ಸುಳಿಸುಳಿಯಾಗಿ ತಿರುಗುವುದರಿಂದ ವಾಸನೆಯೊಂದನ್ನೇ ನಂಬುವಂತಿಲ್ಲ. ಒಂದು ಹಿಡಿ ಧೂಳನ್ನು ಮೇಲಿನಿಂದ ಬಿಟ್ಟು ಅದು ಸರಿಯುವ ದಿಕ್ಕನ್ನು ನೋಡಿರಿ. ಧೂಳು ನಿಮ್ಮ ಕಡೆಗೇ ಬಂದರೆ, ಗುಂಪಾಗಿ, ಗಟ್ಟಿಯಾಗಿ ಮಾತನಾಡುತ್ತ ನಡೆಯಿರಿ. ಮುಂಜಾವದಲ್ಲಿಯೂ ಮುಚ್ಚಂಜೆಯಲ್ಲಿಯೂ ಕರಡಿ ಓಡಾಡುವ ಗುಡ್ಡಗಳ ಕಡೆಗೆ ಹೋಗದಿರುವುದೇ ಲೇಸು.