ಹೊಗೆಸೊಪ್ಪು ಮತ್ತು ದೇಹ: ದಂಡು ಪ್ರದೇಶದಲ್ಲಿ ಕೇಳಿಬಂದ ಕೆಲವು ಪ್ರಶ್ನೆಗಳು

ಬೆಂಗಳೂರಿನ ದಂಡು ಪ್ರದೇಶಕ್ಕೂ ಹೊಗೆಸೊಪ್ಪಿಗೂ ಇರುವ ನಂಟು ಹಳೆಯದು. 1809ರಲ್ಲಿ ಇಲ್ಲಿ ಸೈನ್ಯವು ಬಂದು ನೆಲೆಸಿತು. ಸೈನ್ಯದ ಬೆನ್ನಿಗೇ ಅಂಗಡಿ ಬೀದಿಗಳು ಬೆಳೆದುವು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಇಂಪೀರಿಯಲ್ ಟೊಬ್ಯಾಕೊ ಕಂಪೆನಿಯ ಸಿಗರೇಟು ಕಾರ್ಖಾನೆ ಇಂದಿನ ಪುಲಿಕೇಶಿನಗರದ ಬಳಿ ಸ್ಥಾಪಿತವಾಯಿತು. ಸುತ್ತಲಿನ ಅನೇಕ ಕುಟುಂಬಗಳು ತಲೆಮಾರುಗಳ ಕಾಲ ಅದರಿಂದ ಅನ್ನ ಕಂಡುವೆಂಬುದನ್ನು ಮರೆಯುವಂತಿಲ್ಲ. ಕಾರ್ಖಾನೆ ಈಗ ನಗರದ ಉತ್ತರಕ್ಕೆ ಸ್ಥಳಾಂತರಗೊಂಡಿದೆ. ಹಳೆಯ ನೆಲೆಯಲ್ಲಿ ಗಣಕಯಂತ್ರಗಳ ಕೆಲಸ ನಡೆಯುತ್ತಿದೆ. ಆದರೆ ಹೊಗೆಸೊಪ್ಪು ಮಾತ್ರ ಎಲ್ಲಿಗೂ ಹೋಗಿಲ್ಲ. ಶಿವಾಜಿನಗರದ ಚಹದ ಅಂಗಡಿಯಲ್ಲಿ ಅದು ಬೀಡಿ, ಇಂದಿರಾನಗರದ ಕಚೇರಿಗಳ ಮುಂದೆ ಸಿಗರೇಟು, ಕೃಷ್ಣರಾಜಪುರದ ಸಂತೆಗೆ ಬರುವ ಅಜ್ಜಿಯರ ಎಲೆಯಡಿಕೆ ಚೀಲದಲ್ಲಿ ಕಡ್ಡಿಪುಡಿ.

ಕಳೆದ ವರ್ಷ ನಮ್ಮ ವಿಭಾಗದವರು ಈ ಭಾಗಗಳಲ್ಲಿ ಕೆಲವು ಆರೋಗ್ಯೋಪನ್ಯಾಸಗಳನ್ನು ನಡೆಸಿದೆವು. ಉಪನ್ಯಾಸಕ್ಕಿಂತ ಅನಂತರ ಬಂದ ಪ್ರಶ್ನೆಗಳಿಂದಲೇ ನಮಗೆ ಹೆಚ್ಚು ತಿಳಿಯಿತೆಂದು ಒಪ್ಪಿಕೊಳ್ಳಬೇಕು. ಹೊಗೆಸೊಪ್ಪು ಕೆಟ್ಟದ್ದೆಂಬುದನ್ನು ಯಾರೂ ಅಲ್ಲಗಳೆಯಲಿಲ್ಲ. ಪ್ರತಿಯೊಬ್ಬರೂ ತಾವು ಬಳಸುವ ಬಗೆ ಮಾತ್ರ ಅಷ್ಟು ಕೆಟ್ಟದ್ದಲ್ಲವೆಂದು ನಂಬಿದ್ದರು, ಅಷ್ಟೆ. ಆ ನಂಬಿಕೆಗಳನ್ನು ಶಾಸ್ತ್ರದ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಒಂದು ಐತಿಹಾಸಿಕ ವಿಷಯ. ಈ ಗಿಡ ನಮ್ಮ ನಾಡಿನದಲ್ಲ. ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ ಬಂದುದು. ಅಕ್ಬರನ ಆಸ್ಥಾನಿಕನಾದ ಅಸದ್ ಬೇಗನು ಹದಿನೇಳನೆಯ ಶತಮಾನದ ಮೊದಲ ವರ್ಷಗಳಲ್ಲಿ ನಮ್ಮ ವಿಜಾಪುರದಲ್ಲೇ ಇದನ್ನು ಕಂಡು, ಅಂದವಾದ ಹುಕ್ಕದೊಡನೆ ಬಾದಶಹನಿಗೆ ಕಾಣಿಕೆಯಾಗಿ ಒಯ್ದನು. ಬಾದಶಹನು ಕೆಲವು ಬಾರಿ ಹೊಗೆ ಎಳೆದುದನ್ನು ಕಂಡು ಆಸ್ಥಾನದ ಹಕೀಮನು ಆಕ್ಷೇಪಿಸಿದನೆಂದೂ, ಗುಣದೋಷ ತಿಳಿಯದ ಹೊಸ ವಸ್ತುವನ್ನು ಸೇವಿಸಬಾರದೆಂಬುದು ಅವನ ವಾದವಾಗಿತ್ತೆಂದೂ ಅಸದ್ ಬೇಗನೇ ಬರೆದಿಟ್ಟಿದ್ದಾನೆ. ವಾದದಲ್ಲಿ ಹಕೀಮನು ಸೋತನು. ಅವನ ಸಂಶಯ ಸರಿಯೆಂದು ಸಿದ್ಧವಾಗಲು ಸುಮಾರು ಮೂರೂವರೆ ಶತಮಾನ ಹಿಡಿಯಿತು. ತಾಂಬೂಲದಲ್ಲಿ ಹೊಗೆಸೊಪ್ಪು ಸನಾತನವಾದುದೆಂದು ಹೇಳುವವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು. ನಮ್ಮ ಹಳೆಯ ಕವಿಗಳ ಕಾಲದ ತಾಂಬೂಲದಲ್ಲಿ ಹೊಗೆಸೊಪ್ಪು ಇರಲು ಸಾಧ್ಯವೇ ಇರಲಿಲ್ಲ.

ಸಿದ್ಧವಾದುದು ಹೇಗೆ? 1950ರಲ್ಲಿ ಇಂಗ್ಲೆಂಡಿನ ಡಾಲ್ ಮತ್ತು ಹಿಲ್ ಎಂಬ ವಿದ್ವಾಂಸರು ಶ್ವಾಸಕೋಶದ ಏಡಿಗಂತಿಯಿಂದ, ಎಂದರೆ ಕ್ಯಾನ್ಸರಿನಿಂದ, ನರಳುತ್ತಿದ್ದ 709 ರೋಗಿಗಳನ್ನು ಅಷ್ಟೇ ಸಂಖ್ಯೆಯ ಇತರ ರೋಗಿಗಳೊಡನೆ ಹೋಲಿಸಿದರು. ಏಡಿಗಂತಿಯಿದ್ದ 649 ಗಂಡಸರಲ್ಲಿ ಧೂಮಪಾನ ಮಾಡದವರು ಇಬ್ಬರೇ. ಹೋಲಿಕೆಗೆ ತೆಗೆದುಕೊಂಡ ಗುಂಪಿನಲ್ಲಿ 27 ಮಂದಿ. ಅಂತರ ಚಿಕ್ಕದೆಂದು ತೋರಬಹುದು. ಆ ಕಾಲದ ಇಂಗ್ಲೆಂಡಿನಲ್ಲಿ ಬಹುತೇಕ ಎಲ್ಲ ಗಂಡಸರೂ ಸೇದುತ್ತಿದ್ದುದರಿಂದ ಸೇದದವರು ಸಿಕ್ಕುವುದೇ ಅಪರೂಪವಾಗಿತ್ತು. ಎಲ್ಲರೂ ಒಂದೇ ಬಾವಿಯ ನೀರು ಕುಡಿಯುವ ಊರಿನಲ್ಲಿ ನೀರಿನ ದೋಷವನ್ನು ಕಂಡುಹಿಡಿಯುವುದು ಎಷ್ಟು ಕಷ್ಟವೋ ಇದೂ ಅಷ್ಟೇ ಕಷ್ಟ. ಆದಕಾರಣ ಅವರು 1951ರಿಂದ ಸುಮಾರು ಮೂವತ್ತನಾಲ್ಕು ಸಾವಿರ ವೈದ್ಯರ ಅಭ್ಯಾಸವನ್ನೂ ಆಯುಸ್ಸನ್ನೂ ಬೆನ್ನುಹತ್ತಿ ನೋಡತೊಡಗಿದರು. ಐವತ್ತು ವರ್ಷಗಳ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಅದರ ವಿಷಯಕ್ಕೆ ಆಮೇಲೆ ಬರುತ್ತೇವೆ.

ಹಲಸೂರಿನಲ್ಲಿ ನಮ್ಮನ್ನು ಕೇಳಿದ ಮೊದಲ ಪ್ರಶ್ನೆ ಬೀಡಿಯದು: “ಸಿಗರೇಟಿನಲ್ಲಿ ಕಾಗದ ಉರಿಯುತ್ತದೆ, ಬೀಡಿಯಲ್ಲಿ ಎಲೆ. ಎಲೆ ಕಾಗದಕ್ಕಿಂತ ಮೇಲಲ್ಲವೆ, ಸ್ವಾಮಿ?” ಬೀಡಿಯಲ್ಲಿ ಹೊಗೆಸೊಪ್ಪಿನ ಪ್ರಮಾಣ ಸಿಗರೇಟಿನಲ್ಲಿರುವುದಕ್ಕಿಂತ ಬಹಳ ಕಡಮೆಯೆಂಬುದು ನಿಜ. ಆದರೆ ಬೀಡಿಯ ಎಲೆಯಲ್ಲಿ ಗಾಳಿ ಸುಲಭವಾಗಿ ಆಡದು. ಮೇಲಿಂದ ಮೇಲೆ ಎಳೆಯದಿದ್ದರೆ ಕಿಡಿ ಆರುತ್ತದೆ. ಬೀಡಿ ಸೇದುವವನು ಹೆಚ್ಚು ಸಲ, ಹೆಚ್ಚು ಆಳವಾಗಿ ಎಳೆಯುವುದು ಈ ಕಾರಣದಿಂದಲೇ. ಅದರ ಹೊಗೆಯಲ್ಲಿ ಟಾರು, ನಿಕೋಟಿನ್, ಕಾರ್ಬನ್ ಮಾನಾಕ್ಸೈಡುಗಳು ಸಿಗರೇಟಿನ ಹೊಗೆಗೆ ಕಡಮೆಯಾಗಿಲ್ಲ. ಅನೇಕ ಅಳತೆಗಳಲ್ಲಿ ಹೆಚ್ಚೇ ಕಂಡಿವೆ.

ಭಾರತದ ಹನ್ನೊಂದು ಲಕ್ಷ ಮನೆಗಳನ್ನು ಆಧಾರವಾಗಿಟ್ಟುಕೊಂಡು ನಡೆಸಿದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಸಿಗರೇಟು ಸೇದುವ ಗಂಡಸರು ಸುಮಾರು ಹತ್ತು ವರ್ಷದ, ಬೀಡಿ ಸೇದುವ ಗಂಡಸರು ಸುಮಾರು ಆರು ವರ್ಷದ, ಬೀಡಿ ಸೇದುವ ಹೆಂಗಸರು ಸುಮಾರು ಎಂಟು ವರ್ಷದ ಆಯುಸ್ಸನ್ನು ಕಳೆದುಕೊಳ್ಳುತ್ತಾರೆ. ಹತ್ತಕ್ಕಿಂತ ಆರು ಕಡಮೆಯಲ್ಲವೆ ಎಂದು ಒಬ್ಬ ತರುಣನು ಕೇಳಿದನು. ಕಡಮೆಯೇ. ಆದರೆ ಆರು ವರ್ಷವೆಂದರೆ ಮಗಳ ಮದುವೆಗೂ ಮೊಮ್ಮಗ ಶಾಲೆಗೆ ಸೇರುವುದಕ್ಕೂ ನಡುವಣ ಕಾಲ. ದಿನಕ್ಕೆ ಏಳು ಬೀಡಿ ಮೀರದವರಲ್ಲಿಯೂ ಸಾವಿನ ಸಂಭವ ಕಾಲುಭಾಗದಷ್ಟು ಏರುತ್ತದೆಂದು ಅದೇ ಅಧ್ಯಯನ ತೋರಿಸಿದೆ.

ಹೊಗೆ ಒಳಗೆ ಹೋಗಿ ಮಾಡುವುದೇನೆಂಬುದನ್ನು ಸಂಗ್ರಹವಾಗಿ ಹೇಳಬಹುದು. ಶ್ವಾಸನಾಳದ ಒಳಮೈಯಲ್ಲಿ ಅತಿ ಸೂಕ್ಷ್ಮವಾದ ರೋಮಗಳಿದ್ದು, ಅವು ಕಸವನ್ನೂ ಕಫವನ್ನೂ ಸದಾ ಮೇಲಕ್ಕೆ ಗುಡಿಸುತ್ತಿರುತ್ತವೆ. ಹೊಗೆ ಈ ಜಾಡಮಾಲಿಗಳನ್ನೇ ಮೊದಲು ನಿಷ್ಕ್ರಿಯಗೊಳಿಸುತ್ತದೆ. ಸೇದುವವರ ಬೆಳಗಿನ ಕೆಮ್ಮು ನಿಂತುಹೋದ ಕಸಬರಿಕೆಯ ಕೆಲಸವನ್ನು ದೇಹ ಬೇರೆ ಬಗೆಯಿಂದ ಮಾಡಿಕೊಳ್ಳುವ ಪ್ರಯತ್ನ. ಕಾರ್ಬನ್ ಮಾನಾಕ್ಸೈಡು ರಕ್ತದ ಹೀಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಂಡು ಗುಂಡಿಗೆಯ ಹೊರೆಯನ್ನು ಹೆಚ್ಚಿಸುತ್ತದೆ. ರಕ್ತನಾಳಗಳ ಒಳಮೈ ಕೆಡುತ್ತದೆ. ಹೊಗೆಯಲ್ಲಿರುವ ಸಾವಿರಾರು ರಾಸಾಯನಿಕಗಳಲ್ಲಿ ಸುಮಾರು 70 ಏಡಿಗಂತಿಕಾರಕಗಳೆಂದು ತಿಳಿದುಬಂದಿದೆ. ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟಿ ಚಟವನ್ನು ಬೇರೂರಿಸುತ್ತದೆ. ನಮ್ಮ ದೇಶಕ್ಕೆ ವಿಶೇಷವಾದ ಇನ್ನೊಂದು ಅಪಾಯ ಕ್ಷಯ. ಚೆನ್ನೈ ನಗರದಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಧೂಮಪಾನಿಗಳಾದ ಗಂಡಸರು ಕ್ಷಯದಿಂದ ಸಾಯುವ ಸಂಭವ ಇತರರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚೆಂದು ಕಂಡಿತು. ಇಕ್ಕಟ್ಟಾದ ವಠಾರಗಳಲ್ಲಿ ಬಾಳುವವರಿಗೆ ಇದು ಶ್ವಾಸಕೋಶದ ಏಡಿಗಂತಿಗಿಂತ ಹತ್ತಿರದ ವಿಷಯ.

ಎರಡನೆಯ ಪ್ರಶ್ನೆಯನ್ನು ಯಾರೂ ಸಭೆಯಲ್ಲಿ ಕೇಳಲಿಲ್ಲ. ಸಭೆ ಮುಗಿದ ಮೇಲೆ, ಕೃಷ್ಣರಾಜಪುರದಲ್ಲಿ, ಮೂವರು ಹೆಂಗಸರು ನಮ್ಮ ಸಹೋದ್ಯೋಗಿನಿಯೊಬ್ಬರನ್ನು ಪಕ್ಕಕ್ಕೆ ಕರೆದು ಕೇಳಿದರು: ಹೊಗೆಯೇ ಇಲ್ಲದ ಕಡ್ಡಿಪುಡಿಯಿಂದ ಏನಾದೀತು? ನಮ್ಮ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದುದು ಈ ಪ್ರಶ್ನೆಯೇ. 2016–17ರ ರಾಷ್ಟ್ರೀಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇಕಡ 8.8 ಆದರೆ, ಹೊಗೆಯಿಲ್ಲದ ಬಗೆಗಳನ್ನು ಬಳಸುವವರು ಶೇಕಡ 16.3. ಸಿಗರೇಟಿನ ವಿರುದ್ಧ ಬರೆದಷ್ಟು ಎಲೆಯಡಿಕೆ ಚೀಲದ ವಿರುದ್ಧ ಯಾರೂ ಬರೆಯುವುದಿಲ್ಲ. ಹಿರಿಯರ ಮುಂದೆ ಸೇದುವುದು ಅವಿನಯ. ಎಲೆ ಮಡಿಸಿ ಕೊಡುವುದು ಮರ್ಯಾದೆ.

ಹೊಗೆಸೊಪ್ಪನ್ನು ಒಣಗಿಸಿ ಹದಗೊಳಿಸುವಾಗಲೇ ಅದರಲ್ಲಿ ನೈಟ್ರೊಸಮೀನುಗಳೆಂಬ ಏಡಿಗಂತಿಕಾರಕಗಳು ಹುಟ್ಟುತ್ತವೆ. ಇವಕ್ಕೆ ಬೆಂಕಿಯ ಹಂಗಿಲ್ಲ. ಸುಣ್ಣ ಬೆರೆತಾಗ ಬಾಯೊಳಗಣ ರಸ ಕ್ಷಾರವಾಗಿ ನಿಕೋಟಿನ್ ಬೇಗ ರಕ್ತಕ್ಕಿಳಿಯುತ್ತದೆ, ಚಟ ಗಟ್ಟಿಯಾಗುತ್ತದೆ. ಅಡಿಕೆಯೂ ನಿರಪರಾಧಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನ ಸಂಸ್ಥೆ 2004ರಲ್ಲಿ ಅಡಿಕೆಯನ್ನೇ ಮನುಷ್ಯರಲ್ಲಿ ಏಡಿಗಂತಿ ಉಂಟುಮಾಡುವ ವಸ್ತುಗಳ ವರ್ಗಕ್ಕೆ ಸೇರಿಸಿತು. ಬಾಯಿ ತೆರೆಯಲಾಗದಂತೆ ಕೆನ್ನೆಯ ಒಳಚರ್ಮ ಬಿಗಿದುಕೊಳ್ಳುವ ರೋಗ ಅಡಿಕೆಯ ಫಲ. ಮಲೆನಾಡಿನ ಬೆಳೆಗಾರರಿಗೆ ಈ ಮಾತು ಪ್ರಿಯವಲ್ಲವೆಂದು ಬಲ್ಲೆವು.

ಈ ವಿಷಯದಲ್ಲಿ ಬೆಂಗಳೂರಿನದೇ ಆದ ಪ್ರಮಾಣ ಉಂಟು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯ ಯೋಜನೆಯಂತೆ ಮುಂಬಯಿ, ಚೆನ್ನೈಗಳೊಡನೆ ಬೆಂಗಳೂರಿನಲ್ಲಿಯೂ 1982ರಲ್ಲಿ, ಕಿದ್ವಾಯಿ ಸಂಸ್ಥೆಯಲ್ಲಿ, ಏಡಿಗಂತಿ ರೋಗಿಗಳ ದಾಖಲೆಪತ್ರ ಆರಂಭವಾಯಿತು. ಆ ದಾಖಲೆಯಿಂದ ಬಾಯಿಯ ಏಡಿಗಂತಿಯ 348 ರೋಗಿಗಳನ್ನು ಆಯ್ದು, ಅವರವರ ನೆರೆಹೊರೆಯ ಆರೋಗ್ಯವಂತರೊಡನೆ ಹೋಲಿಸಿದ ಅಧ್ಯಯನ 1990ರಲ್ಲಿ ಪ್ರಕಟವಾಯಿತು. ಹೊಗೆಸೊಪ್ಪು ಬೆರೆಸಿ ಎಲೆಯಡಿಕೆ ಹಾಕುವ ಹೆಂಗಸರಲ್ಲಿ ಅಪಾಯ ಹಾಕದವರಿಗಿಂತ ಸುಮಾರು 25 ಪಟ್ಟು! ಗಂಡಸರಲ್ಲಿ ಏರಿಕೆ ಅದಕ್ಕಿಂತ ಕಡಮೆ. ಆದುದರಿಂದ ನಾವು ಆ ಮೂವರಿಗೂ ಹೇಳಿದುದಿಷ್ಟು: ಬಾಯಲ್ಲಿ ಬಿಳಿಯ ಅಥವಾ ಕೆಂಪು ಮಚ್ಚೆ, ಮೂರು ವಾರದಲ್ಲಿ ಮಾಯದ ಹುಣ್ಣು, ಖಾರ ತಾಗದಷ್ಟು ಉರಿ, ಬಾಯಿ ತೆರೆಯುವುದು ಕಡಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ನೋವಿಲ್ಲವೆಂದು ಸುಮ್ಮನಿರಬಾರದು. ಆರಂಭದ ಹುಣ್ಣಿಗೆ ನೋವಿರುವುದಿಲ್ಲ. ಅವರಲ್ಲೊಬ್ಬರಿಗೆ ಕೆನ್ನೆಯ ಒಳಗೆ ಬಿಳಿಯ ಮಚ್ಚೆ ಆಗಲೇ ಇತ್ತು. ಅವರನ್ನು ಆಸ್ಪತ್ರೆಗೆ ಕಳುಹಿಸಿದೆವು.

ಸರ್ಕಾರದ ಕ್ರಮಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. 2003ರ ಕೇಂದ್ರ ಕಾಯಿದೆ, 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಜಾರಿಗೆ ಬಂದ ನಿಷೇಧ, 2013ರಲ್ಲಿ ಗುಟ್ಕಾದ ಮೇಲೆ ಕರ್ನಾಟಕ ಹೇರಿದ ನಿಷೇಧ ಎಲ್ಲರಿಗೂ ತಿಳಿದಿವೆ. ಪೊಟ್ಟಣದ ಶೇಕಡ 85 ಭಾಗವನ್ನು ಎಚ್ಚರಿಕೆಯ ಚಿತ್ರ ಆವರಿಸಬೇಕೆಂಬ ನಿಯಮ 2016ರ ಏಪ್ರಿಲಿನಲ್ಲಿ ಜಾರಿಗೆ ಬಂದು, 2017ರ ಡಿಸೆಂಬರಿನಲ್ಲಿ ನಮ್ಮ ಉಚ್ಚ ನ್ಯಾಯಾಲಯದಲ್ಲಿ ರದ್ದಾಗಿ, ಮುಂದಿನ ತಿಂಗಳೇ ಸರ್ವೋಚ್ಚ ನ್ಯಾಯಾಲಯದ ತಡೆಯಾಜ್ಞೆಯಿಂದ ಉಳಿದುಕೊಂಡಿತು. ಆದರೆ ಬಿಡಿಯಾಗಿ ಒಂದೊಂದೇ ಸಿಗರೇಟು ಕೊಳ್ಳುವವನ ಕಣ್ಣಿಗೆ ಪೊಟ್ಟಣ ಬೀಳುವುದೇ ಇಲ್ಲ. ಕಾಯಿದೆ ಮಾಡುವವರು ಶಿವಾಜಿನಗರದ ಪೆಟ್ಟಿಗೆಯಂಗಡಿಯ ಮುಂದೆ ಅರ್ಧ ಗಂಟೆ ನಿಂತಿದ್ದರೆ ಇದು ತಿಳಿಯುತ್ತಿತ್ತು.

ಕೊನೆಯ ಪ್ರಶ್ನೆ ಹಲಸೂರಿನ ಒಬ್ಬ ವೃದ್ಧರದು. ಮೂವತ್ತೈದು ವರ್ಷ ಬೀಡಿ ಸೇದಿದವರು. ವಯಸ್ಸು ಅರವತ್ತರ ಹತ್ತಿರ. “ಇಷ್ಟು ಸುಟ್ಟ ಮೇಲೆ ಈಗ ಬಿಟ್ಟೇನು ಫಲ?” ಎಂದರು. ಇದಕ್ಕೆ ಉತ್ತರ ಆ ಇಂಗ್ಲಿಷ್ ವೈದ್ಯರ ಐವತ್ತು ವರ್ಷಗಳ ಲೆಕ್ಕದಲ್ಲಿದೆ. ಬಿಡದೆ ಸಿಗರೇಟು ಸೇದಿದವರು ಸರಾಸರಿ ಹತ್ತು ವರ್ಷ ಮೊದಲೇ ತೀರಿಕೊಂಡರು. ಮೂವತ್ತರಲ್ಲಿ ಬಿಟ್ಟವರಿಗೆ ಹೆಚ್ಚುಕಡಮೆ ಆ ಹತ್ತು ವರ್ಷವೂ ಮರಳಿ ಬಂದುವು. ನಲವತ್ತರಲ್ಲಿ ಬಿಟ್ಟವರಿಗೆ ಒಂಬತ್ತು, ಐವತ್ತರಲ್ಲಿ ಆರು, ಅರವತ್ತರಲ್ಲಿ ಮೂರು. ಇದು ಸಿಗರೇಟಿನ ಲೆಕ್ಕ; ಬೀಡಿಗೆ ಅಂಕಿ ಹಾಗೆಯೇ ಹೊಂದದಿರಬಹುದು, ಆದರೆ ದಿಕ್ಕು ಅದೇ. ಬೀಡಿಗಳ ಸಂಖ್ಯೆಯನ್ನು ಕಡಮೆ ಮಾಡುತ್ತೇನೆಂದು ಅವರು ಚೌಕಾಸಿ ಮಾಡಿದರು. ಕಡಮೆ ಮಾಡಿದವನು ಇದ್ದುದನ್ನೇ ಇನ್ನಷ್ಟು ಆಳವಾಗಿ ಎಳೆದು ನಿಕೋಟಿನ್ನಿನ ಕೊರತೆಯನ್ನು ತುಂಬಿಕೊಳ್ಳುತ್ತಾನೆ. ಆದಕಾರಣ ಪೂರ್ತಿ ಬಿಡುವುದೇ ಲೆಕ್ಕಕ್ಕೆ ಬರುತ್ತದೆಂದು ವಿವರಿಸಿದೆವು. ಮೊದಲ ಕೆಲವು ವಾರ ಸಿಡುಕು, ನಿದ್ದೆಗೇಡು, ಹಸಿವು ಇರುವುದುಂಟು, ಇವು ತಾತ್ಕಾಲಿಕ. ನಿಕೋಟಿನ್ ಬೆರೆತ ಅಗಿಯುವ ಗೋಂದು ಮೊದಲಾದ ಔಷಧಗಳನ್ನು ವೈದ್ಯರ ಸಲಹೆಯಂತೆ ಬಳಸಬಹುದು. ನಮ್ಮ ನಗರದ ನಿಮ್ಹಾನ್ಸ್ ಮತ್ತು ಕಿದ್ವಾಯಿ ಸಂಸ್ಥೆಗಳಲ್ಲಿ ಚಟ ಬಿಡಿಸುವ ಚಿಕಿತ್ಸಾಲಯಗಳುಂಟು. ಶುಲ್ಕವಿಲ್ಲದ ರಾಷ್ಟ್ರೀಯ ದೂರವಾಣಿ 1800-11-2356. ವೃದ್ಧರು ಈ ಸಂಖ್ಯೆಯನ್ನು ತಮ್ಮ ಬೆಂಕಿಪೊಟ್ಟಣದ ಹಿಂಬದಿಯಲ್ಲಿ ಬರೆಸಿಕೊಂಡು ಹೋದರು.