ಹೊಸ ಸೈಕಲ್ಲೋ, ಹಳೇ ಫ್ರೇಮೋ?

2023ರ ಬರದಲ್ಲಿ ಶೇಂಗಾಕ್ಕೆ ಹಾಕಿದ ಬೀಜವೂ ವಾಪಸ್ ಬರಲಿಲ್ಲ. ಸಾಲಕ್ಕೆ ಮೊಪೆಡ್ ಮಾರಿದೆ. ಹೊಲ ನಾಲ್ಕು ಕಿಲೋಮೀಟರ್ ದೂರ. ಬೆಳಿಗ್ಗೆ ಡೇರಿಗೆ ಹಾಲು, ಸಂಜೆ ಬರುವಾಗ ಮೇವಿನ ಹೊರೆ. ಸೈಕಲ್ ಇಲ್ಲದೆ ಆಗುವ ಮಾತಲ್ಲ.

ಪೇಟೆಯಲ್ಲಿ ಗೇರಿಲ್ಲದ ಅಗ್ಗದ ಸೈಕಲ್ಲಿಗೇ ಆರೂವರೆ ಸಾವಿರ ಹೇಳಿದರು. ಕ್ಯಾರಿಯರ್ ಬೇರೆ. ದಪ್ಪ ಟೈರು, ಬಣ್ಣ ಎಲ್ಲ ಚೆಂದ. ಆದರೆ ಕ್ಯಾರಿಯರ್ ಹಿಡಿದು ಅಲ್ಲಾಡಿಸಿದೆ, ಬಳುಕಿತು. ಇದರ ಮೇಲೆ ನಲವತ್ತು ಕೆಜಿ ಹೊರೆ ಹೇರಿದರೆ ಗತಿ ಏನು?

ಮನೆಯಲ್ಲಿ ಮಗ ಓದುವಾಗ ತುಳಿದ ಗೇರ್ ಸೈಕಲ್ ಇತ್ತು. ಗೇರ್ ಮುರಿದು ಮೂಲೆಗೆ ಬಿದ್ದಿತ್ತು. ಗೇರ್ ಬಿಚ್ಚಿ, ಚೈನು ತುಂಡು ಮಾಡಿ, ಒಂದೇ ಹಲ್ಲಿನ ಚಕ್ರದ ಮೇಲೆ ಓಡಿಸಿದೆ. ಖರ್ಚಿಲ್ಲದೆ ಆಯ್ತು ಅಂತ ಬೀಗಿದೆ. ಮೂರನೇ ದಿನ ದಿಬ್ಬ ಹತ್ತುವಾಗ ಚೈನು ಹಾರಿ, ಕ್ಯಾನಿನ ಸಮೇತ ಬಿದ್ದೆ. ಆರು ಲೀಟರ್ ಹಾಲು ಮಣ್ಣುಪಾಲು, ಮೊಣಕಾಲಿಗೆ ಏಟು. ತಪ್ಪು ನನ್ನದೇ. ಆ ಫ್ರೇಮಿನಲ್ಲಿ ಹಿಂದಿನ ಆಕ್ಸಲ್ ಕೂರುವ ಗಾಡಿ ನೆಟ್ಟಗೆ ಕೆಳಮುಖವಾಗಿದೆ. ಚಕ್ರ ಹಿಂದಕ್ಕೆಳೆದು ಚೈನು ಬಿಗಿ ಮಾಡಲು ಜಾಗವೇ ಇಲ್ಲ. ಗೇರ್ ಇದ್ದಾಗ ಅದರ ಸ್ಪ್ರಿಂಗೇ ಚೈನನ್ನು ಎಳೆದು ಹಿಡಿಯುತ್ತಿತ್ತು. ಅದನ್ನು ತೆಗೆದ ಮೇಲೆ ಹಿಡಿಯುವವರು ಯಾರು?

ಆಮೇಲೆ ಕೊಟ್ಟಿಗೆ ಅಟ್ಟದಿಂದ ಅಪ್ಪನ ಕರಿ ಸೈಕಲ್ ಇಳಿಸಿದೆ. ಅಪ್ಪ 1983ರಲ್ಲಿ ಶೇಂಗಾ ಮಾರಿ ಕೊಂಡದ್ದು. ಇದರಲ್ಲಿ ಆಕ್ಸಲ್ ಗಾಡಿ ಹಿಂದಕ್ಕೆ ಬಾಯಿಬಿಟ್ಟಿರುತ್ತದೆ, ಚೈನು ಬೇಕಾದಷ್ಟು ಎಳೆಯಬಹುದು. ಬೆರಳಲ್ಲಿ ಒತ್ತಿದರೆ ಅರ್ಧ ಇಂಚು ಆಡಿದರೆ ಸಾಕು.

ಹಳೇ ಫ್ರೇಮಿಗೆ ದುಡ್ಡು ಹಾಕುವ ಮುಂಚೆ ಅದು ಸೊಟ್ಟಗಾಗಿದೆಯಾ ನೋಡಬೇಕು. ಹಿಂದಿನ ಆಕ್ಸಲ್ ಕೂರುವ ಜಾಗಕ್ಕೆ ದಾರ ಕಟ್ಟಿ, ಹ್ಯಾಂಡಲ್ ಕೊಳವೆ ಸುತ್ತಿಸಿ, ಇನ್ನೊಂದು ಬದಿಗೆ ಎಳೆದು ಕಟ್ಟಿ. ಸೀಟಿನ ಕೊಳವೆಗೂ ದಾರಕ್ಕೂ ಇರುವ ಸಂದು ಎರಡೂ ಕಡೆ ಒಂದೇ ಇರಬೇಕು. ನನ್ನದು ಸರಿಯಿತ್ತು. ಫ್ರೇಮಿನ ಮೂಲೆಗಳನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದೆ, ಬಿರುಕಿಲ್ಲ. ಅಷ್ಟಕ್ಕೇ ಸಮಾಧಾನ ಪಟ್ಟಿದ್ದೆ. ಶಾಪಿನ ಸಾಬರು ಮಾತ್ರ "ಮಡ್ಗಾರ್ಡ್ ಬಿಚ್ಚದೆ ಏನೂ ಹೇಳಬೇಡಿ ಗೌಡ್ರೆ" ಅಂದರು. ಬಿಚ್ಚಿ ನೋಡಿದರೆ ಮುಂದಿನ ಫೋರ್ಕಿನ ಮೇಲ್ತುದಿಯಲ್ಲಿ ತುಕ್ಕು ತಿಂದು ಕೂದಲೆಳೆಯಂಥ ಬಿರುಕು. ಇಳಿಜಾರಿನಲ್ಲಿ ಅದು ಮುರಿದಿದ್ದರೆ ಇದನ್ನು ಬರೆಯಲು ನಾನಿರುತ್ತಿದ್ದೆನೋ ಇಲ್ಲವೋ. ವೆಲ್ಡಿಂಗ್ ಬೇಡವೆಂದು ಅವರೇ ಇನ್ನೊಂದು ಹಳೇ ಫೋರ್ಕು ಇನ್ನೂರಕ್ಕೆ ಕೊಟ್ಟರು.

ಅಟ್ಲಾಸ್‌ನವರು ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್‌ನಲ್ಲಿ ನಿಲ್ಲಿಸಿದಾಗ, ಇನ್ನು ಕರಿ ಸೈಕಲ್ಲಿಗೆ ಸಾಮಾನು ಸಿಗಲ್ಲ ಅಂದುಕೊಂಡಿದ್ದೆ. ಸುಳ್ಳಾಯ್ತು. 28 ಇಂಚಿನ ಟೈರು, 40 ಕಡ್ಡಿಯ ಹಿಂದಿನ ರಿಮ್ಮು, ಕಾಟರ್ ಪಿನ್ನು ಎಲ್ಲ ನಮ್ಮ ಹೋಬಳಿಯಲ್ಲೇ ಸಿಕ್ಕವು. ಟೈರು ಟ್ಯೂಬಿಗೆ 1,000 ರೂ., ರಿಮ್ಮು ಕಡ್ಡಿಗೆ 650, ಚೈನು ಫ್ರೀವೀಲಿಗೆ 400, ಬಿ.ಬಿ. ಆಕ್ಸಲ್, ಕಪ್ಪು, ಗುಂಡು, ಪಿನ್ನಿಗೆ 250, ಪೆಡಲ್ಲು ಬ್ರೇಕ್ ರಬ್ಬರಿಗೆ 200, ಫೋರ್ಕು 200, ಮಜೂರಿ 500. ಒಟ್ಟು 3,200.

ಒಂದು ಬದಲಾವಣೆ ನಾನೇ ಕೇಳಿ ಮಾಡಿಸಿದೆ. ಪೆಡಲ್ ಕಡೆ 44 ಹಲ್ಲು, ಹಿಂದೆ 18 ಇತ್ತು. ಒಂದು ಸುತ್ತು ತುಳಿದರೆ ಚಕ್ರ ಸುಮಾರು ಎರಡೂವರೆ ಸುತ್ತು. ಹೊರೆ ಇದ್ದರೆ ದಿಬ್ಬದಲ್ಲಿ ಇಳಿದು ತಳ್ಳಬೇಕು. 22 ಹಲ್ಲಿನ ಫ್ರೀವೀಲ್ ಹಾಕಿಸಿದೆ, ಈಗ ಎರಡೇ ಸುತ್ತು. ಚೈನು ಎರಡು ಕೊಂಡಿ ಉದ್ದ ಬೇಕು. ಬಯಲಿನಲ್ಲಿ ಹುಡುಗರು ನನ್ನ ಹಿಂದೆ ಹಾಕಿ ಹೋಗುತ್ತಾರೆ, ಹೋಗಲಿ. ಮೊಣಕಾಲು ನೋವಿಲ್ಲದೆ ದಿಬ್ಬ ಹತ್ತುತ್ತೇನೆ.

ಹಳೇದೇ ಮೇಲು ಅಂತ ಎಲ್ಲರಿಗೂ ಹೇಳಲ್ಲ. ಫ್ರೇಮೇ ಬಿರುಕು ಬಿಟ್ಟಿದ್ದರೆ, ಇಲ್ಲಾ ಎರಡೂ ರಿಮ್ಮು ಹೋಗಿದ್ದರೆ ಹೊಸದೇ ವಾಸಿ. ನನ್ನ ಪಕ್ಕದ ಹೊಲದವನು ಹಾಗೇ ಮಾಡಿದ. ಆದರೆ ಅವನೂ ಕೊಂಡದ್ದು ಕರಿ ಸೈಕಲ್ಲನ್ನೇ.

ಮಳೆಯಲ್ಲಿ ಈ ಸಲಾಕೆ ಬ್ರೇಕ್ ಸರಿಯಾಗಿ ಹಿಡಿಯಲ್ಲ, ಇಳಿಜಾರಿನಲ್ಲಿ ಇಳಿದು ನಡೆಯುತ್ತೇನೆ. ನೆಗ್ಗಿಲು ಮುಳ್ಳು, ಬಳ್ಳಾರಿ ಜಾಲಿ ಮುಳ್ಳಿಗೆ ಪಂಕ್ಚರ್ ತಪ್ಪಿಲ್ಲ. ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ ಟೈರಿನೊಳಗೆ ಹಾಸಿದ ಮೇಲೆ ಕಡಿಮೆಯಾಗಿದೆ.