ಆಟಕ್ಕೂ ಒಂದು ಗೈಡು ಬೇಕೇ?

ಮುರಗೋಡ, ಬೈಲಹೊಂಗಲ, ಸವದತ್ತಿಗಳ ಕಡೆ ‘ಗೈಡು’ ಎಂದರೇನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಪಾಠದ ಪ್ರಶ್ನೆಗಳಿಗೆಲ್ಲ ಸಿದ್ಧ ಉತ್ತರ ಬರೆದಿಟ್ಟ ಪುಸ್ತಕ ಅದು. ಮಾಸ್ತರರು ಬೇಡವೆನ್ನುತ್ತಾರೆ, ಮಕ್ಕಳು ಕೊಳ್ಳುತ್ತಾರೆ, ಪರೀಕ್ಷೆ ಹತ್ತಿರ ಬಂದಾಗ ತಂದೆತಾಯಿಗಳೂ ಸುಮ್ಮನಾಗುತ್ತಾರೆ. ಆದರೆ ವಿಡಿಯೊ ಗೇಮ್ ಗೆಲ್ಲುವುದು ಹೇಗೆಂದು ತಿಳಿಸುವ ದಪ್ಪ ಪುಸ್ತಕಕ್ಕೆ ಮಗ ಹಣ ಕೇಳಿದರೆ ತಂದೆ ಹುಬ್ಬೇರಿಸುವುದು ಸಹಜ. ಪಾಸಾಗಲು ಗೈಡು ಬೇಕು, ಸರಿ. ಆಡುವುದಕ್ಕೂ ಬೇಕೇ?

ಇಂಥ ಪುಸ್ತಕಗಳಿಗೆ ಒಂದು ಕಾಲದಲ್ಲಿ ಭಾರಿ ಬೇಡಿಕೆ ಇತ್ತು. 1985ರಲ್ಲಿ ಜಪಾನಿನಲ್ಲಿ ‘ಸೂಪರ್ ಮಾರಿಯೊ ಬ್ರದರ್ಸ್’ ಬಂದಾಗ ಅದರ ಕೈಪಿಡಿ ಅಲ್ಲಿ ಅತಿ ಹೆಚ್ಚು ಮಾರಾಟವಾದ ಪುಸ್ತಕಗಳ ಸಾಲಿಗೆ ಸೇರಿತು. ಆ ಆಟದಲ್ಲಿ ಕಣ್ಣಿಗೆ ಕಾಣದ ಇಟ್ಟಿಗೆಗಳಿದ್ದವು, ನಡುವಿನ ಹಂತಗಳನ್ನು ದಾಟಿಸಿಬಿಡುವ ಗುಪ್ತ ಕೊಳವೆಗಳಿದ್ದವು. ಯಾರಾದರೂ ಹೇಳಿಕೊಡದೆ ಅವು ಸಿಗುವುದು ಕಷ್ಟ. ಅಮೆರಿಕದಲ್ಲಿ ಇದೇ ಕಸುಬಿಗೆ ‘ಪ್ರೈಮಾ’ ಎಂಬ ಪ್ರಕಾಶನ 1990ರಲ್ಲಿ ಹುಟ್ಟಿತು. ಅಂತರ್ಜಾಲದಲ್ಲಿ ಎಲ್ಲವೂ ಪುಕ್ಕಟೆ ಸಿಗತೊಡಗಿದ ಮೇಲೆ, ಬಾಗಿಲು ಹಾಕುವುದಾಗಿ 2018ರಲ್ಲಿ ಪ್ರಕಟಿಸಿತು.

ಆಟದ ವಿದ್ಯೆಯನ್ನು ಬರೆದಿಡುವುದು ನಮ್ಮ ನಾಡಿಗೇನೂ ಹೊಸದಲ್ಲ. ಸವದತ್ತಿಯ ರಟ್ಟರು ಕಲ್ಯಾಣದ ಚಾಲುಕ್ಯರಿಗೆ ಮಾಂಡಲಿಕರಾಗಿದ್ದ ಕಾಲದಲ್ಲಿ, ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ, ಚಕ್ರವರ್ತಿ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಅಡುಗೆ, ಬೇಟೆ, ಸಂಗೀತಗಳ ಜೊತೆಗೆ ಚದುರಂಗವನ್ನೂ ವಿವರಿಸಿದ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರದು ಇನ್ನೂ ದೊಡ್ಡ ಸಾಹಸ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ ಅರಸರಿಗೆ ಬಿಡುವಿಗೇನೂ ಕೊರತೆ ಇರಲಿಲ್ಲವೆನ್ನಿ. ಒಂಬತ್ತು ನಿಧಿಗಳ ‘ಶ್ರೀತತ್ತ್ವನಿಧಿ’ಯಲ್ಲಿ ಕೊನೆಯದಾದ ಕೌತುಕನಿಧಿಯನ್ನು ಅವರು ಆಟಗಳಿಗೇ ಮೀಸಲಿಟ್ಟರು. ಅದರಲ್ಲಿ ವಿವರಿಸಿದ ‘ಛದ’ವೆಂಬ ಎಲೆಯಾಟಗಳಲ್ಲಿ ಒಂದಕ್ಕೆ 360 ಎಲೆಗಳು ಬೇಕು!

ಗೈಡಿನ ಪ್ರಶ್ನೆಗೆ ಉತ್ತರ ಹುಡುಕುವವರು ಗಮನಿಸಬೇಕಾದದ್ದು ಅವರ ಕುದುರೆ ನಡೆಯನ್ನು. ಚದುರಂಗದ ಕುದುರೆ ಎರಡೂವರೆ ಮನೆ ಹಾರುತ್ತದೆಂಬುದು ಎಲ್ಲರಿಗೂ ಗೊತ್ತು. ಖಾಲಿ ಹಲಗೆಯ ಮೇಲೆ ಒಂದೇ ಕುದುರೆಯನ್ನಿಟ್ಟು, ಯಾವ ಮನೆಯನ್ನೂ ಎರಡು ಸಲ ಮೆಟ್ಟದೆ 64 ಮನೆಗಳನ್ನೂ ಸುತ್ತಿಸಬೇಕು. ಇದೇ ಪಂಥ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ರುದ್ರಟ ಅರ್ಧ ಹಲಗೆಯ ಸುತ್ತನ್ನು 32 ಅಕ್ಷರಗಳ ಒಂದು ಪದ್ಯದಲ್ಲಿ ಅಡಗಿಸಿದ್ದ. ನೇರವಾಗಿ ಓದಿದರೂ ಕುದುರೆಯ ನಡೆಯಲ್ಲಿ ಓದಿದರೂ ಪದ್ಯ ಅದೇ. ಬಾಯಿಪಾಠ ಮಾಡಿಕೊಂಡವನ ಕುದುರೆ ತಪ್ಪುವಂತಿಲ್ಲ. ಮುಮ್ಮಡಿಯವರು ಇನ್ನೂ ಮುಂದೆ ಹೋಗಿ, ನಡೆಗಳಿಗೆ 1ರಿಂದ 64ರವರೆಗೆ ಅಂಕಿ ಹಾಕಿದಾಗ ಪ್ರತಿ ಅಡ್ಡಸಾಲೂ ಪ್ರತಿ ಉದ್ದಸಾಲೂ 260ಕ್ಕೇ ಕೂಡುವಂಥ ಸುತ್ತನ್ನು ರಚಿಸಿದರು.

ಈ ಕೋಷ್ಟಕವನ್ನು ಎದುರಿಗಿಟ್ಟುಕೊಂಡು ಕುದುರೆ ನಡೆಸಿದವನಿಗೆ ಸಿಗುವುದೇನು? ಸುತ್ತು ಮುಗಿಯುತ್ತದೆ, ಆಟವೂ ಮುಗಿಯುತ್ತದೆ. ಹೊರಟ ಮನೆಗೇ ಮರಳಿ ಸೇರಬಲ್ಲ ಸುತ್ತುಗಳೇ 13 ಲಕ್ಷ ಕೋಟಿಗೂ ಹೆಚ್ಚಿವೆಯೆಂದು 1997ರಲ್ಲಿ ಲೆಕ್ಕ ಹಾಕಲಾಗಿದೆ. ಕೋಷ್ಟಕ ಅವುಗಳಲ್ಲಿ ಒಂದನ್ನು ತೋರಿಸುತ್ತದೆ, ಅಷ್ಟೆ. ಇದಕ್ಕೆ ಬದಲು 1823ರಲ್ಲಿ ಜರ್ಮನಿಯ ವಾರ್ನ್ಸ್‌ಡಾರ್ಫ್ ಒಂದು ಸಾಲಿನ ಸೂತ್ರ ಹೇಳಿದ. ಮುಂದೆ ಹೋಗಲು ಯಾವ ಮನೆಯಿಂದ ದಾರಿಗಳು ತೀರಾ ಕಡಿಮೆಯೋ ಆ ಮನೆಗೇ ಮೊದಲು ಹಾರು. ಇಷ್ಟನ್ನು ಅರಿತ ಹುಡುಗ ಎಲ್ಲಿಂದ ಹೊರಟರೂ ಸಾಮಾನ್ಯವಾಗಿ ಗುರಿ ಮುಟ್ಟುತ್ತಾನೆ. ಮೂಲೆಯ ಮನೆಗಳು ಏಕೆ ಅಪಾಯವೆಂಬುದೂ ಅವನಿಗೆ ತಾನಾಗಿ ಹೊಳೆಯುತ್ತದೆ. ಮೊದಲನೆಯದು ಉತ್ತರ, ಎರಡನೆಯದು ದಾರಿ.

ಅಂಗಡಿಯಲ್ಲಿ ಗೈಡನ್ನು ತಿರುವಿ ನೋಡುವವರು ಇದನ್ನೇ ಹುಡುಕಬೇಕು. ‘ಎಡಕ್ಕೆ ತಿರುಗು, ಮೂರನೆಯ ಬಾಗಿಲು ತೆರೆ’ ಎಂಬ ಸಾಲುಗಳೇ ಪುಟಪುಟವೂ ತುಂಬಿದ್ದರೆ ದುಡ್ಡು ದಂಡ. ಆ ಪುಸ್ತಕದ ಆಯುಷ್ಯ ಒಂದೇ ಸಲದ್ದು, ಅದೂ ಆಟದ ಸ್ವಾರಸ್ಯವನ್ನು ತಿಂದುಹಾಕಿ. ನಾಲ್ಕಾರು ಜನ ಜಾಲದಲ್ಲಿ ಸೇರಿ ಆಡುವ ಇಂದಿನ ಆಟಗಳ ಗೈಡನ್ನಂತೂ ಕೊಳ್ಳಲೇಬಾರದು. ಕಂಪನಿ ಆಗಾಗ ನಿಯಮ, ಆಯುಧ, ನಕ್ಷೆಗಳನ್ನು ಬದಲಿಸುತ್ತಲೇ ಇರುವುದರಿಂದ ಪುಸ್ತಕ ಬೇಗನೆ ಹಳತಾಗುತ್ತದೆ. ಆದರೆ ತಿಂಗಳುಗಟ್ಟಲೆ ಆಡುವ ದೊಡ್ಡ ಕಥೆಯ ಆಟಕ್ಕೆ ಒಳ್ಳೆಯ ನಕ್ಷೆ, ಚಿತ್ರಗಳು, ಆಟ ಕಟ್ಟಿದ ಬಗೆಯ ವಿವರಣೆ ಇರುವ ಪುಸ್ತಕವಾದರೆ ಬೆಲೆ ನೋಡಿ ಕೊಳ್ಳಬಹುದು. ಹಾಗೆಯೇ ಚದುರಂಗದ ಪುಸ್ತಕವನ್ನೂ. ಅಲ್ಲಿ ಎದುರಾಳಿ ಇರುವುದರಿಂದ ಯಾವ ಪುಸ್ತಕವೂ ಪೂರ್ತಿ ಉತ್ತರ ಕೊಡಲಾರದು.

ಗುಡಿಯ ಕಟ್ಟೆಯ ಮೇಲೆ ಗೆರೆ ಕೊರೆದು ಆಡುವ ಹುಲಿ-ಕುರಿ ಆಟವೂ ಈ ಜಾತಿಯದೇ. ಕುರಿಗಳನ್ನು ಚದುರಲು ಬಿಡಬೇಡ, ಕುರಿಯ ಹಿಂದಿನ ಮನೆ ಖಾಲಿ ಬಿಡಬೇಡ ಎಂದು ಅಜ್ಜ ಮೊಮ್ಮಗನಿಗೆ ಹೇಳಿಕೊಡುತ್ತಾನೆ. ಮರುಗಳಿಗೆಯಲ್ಲೇ ತಾನು ಹುಲಿಯಾಗಿ ಎರಡು ಕುರಿ ನುಂಗಿ ಕೂಡುತ್ತಾನೆ.